ಕೆಲಸ ಹೋಯಿತು, ಈಗೇನು? ಮೊದಲ ದಿನದಿಂದ ಮುಂದಿನ ಕೆಲಸದವರೆಗೆ

ಮೀಟಿಂಗ್‌ಗೆ ಕರೆದಾಗ ನಾನೊಂದು ಮೇಲ್ ಬರೆಯುತ್ತಿದ್ದೆ. ಹನ್ನೆರಡು ನಿಮಿಷದಲ್ಲಿ ಎಲ್ಲಾ ಮುಗಿಯಿತು. ಮ್ಯಾನೇಜರ್ ಇದ್ದರು, ಎಚ್‌ಆರ್‌ನವರೊಬ್ಬರು ಇದ್ದರು, ಬರೆದುಕೊಂಡು ಬಂದದ್ದನ್ನು ಓದಿ ಹೇಳಿದರು. ಸೀಟಿಗೆ ವಾಪಸ್ ಬಂದರೆ ಲ್ಯಾಪ್‌ಟಾಪ್ ಪಾಸ್‌ವರ್ಡ್ ತೆಗೆದುಕೊಳ್ಳುತ್ತಲೇ ಇಲ್ಲ. ತಪ್ಪು ಒತ್ತಿರಬೇಕು ಅಂದುಕೊಂಡು ಎರಡು ಸಲ ಟೈಪ್ ಮಾಡಿದೆ. ಮೂರನೇ ಸಲಕ್ಕೆ ಅರ್ಥವಾಯಿತು.

ಮನೆಯಲ್ಲಿ ಹೇಳಲಿಲ್ಲ. ಮರುದಿನ ಎಂದಿನ ಹೊತ್ತಿಗೇ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟೆ, ಒಂದು ಲೈಬ್ರರಿಯಲ್ಲಿ ಸಂಜೆವರೆಗೆ ಕೂತೆ, ಎಂದಿನ ಹೊತ್ತಿಗೇ ವಾಪಸ್ ಬಂದೆ. ಹೀಗೆ ಹನ್ನೊಂದು ದಿನ. ಆ ಹನ್ನೊಂದು ದಿನದಲ್ಲಿ ಹಣದ ಲೆಕ್ಕ ಹಾಕಲಿಲ್ಲ, ಕಾಗದಪತ್ರ ಕೇಳಲಿಲ್ಲ, ಒಬ್ಬರಿಗೂ ಫೋನ್ ಮಾಡಲಿಲ್ಲ. ಇದ್ದಬದ್ದ ಶಕ್ತಿಯೆಲ್ಲ ಮುಚ್ಚಿಡುವುದಕ್ಕೇ ಹೋಯಿತು. ನಿಮಗೆ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಹೋದಾಗ ಹೋಗುವುದು ಸಂಬಳ ಮಾತ್ರ ಅಲ್ಲ. ನಿರುದ್ಯೋಗದ ಬಗ್ಗೆ ಅಧ್ಯಯನ ಮಾಡಿದ ಮರೀ ಯಹೋಡಾ ಎಂಬ ಮನಶ್ಶಾಸ್ತ್ರಜ್ಞೆ ಇದನ್ನು ಬಹಳ ಸ್ಪಷ್ಟವಾಗಿ ಹೇಳಿದ್ದಾರೆ. ಸಂಬಳದ ಜೊತೆಗೆ ಕೆಲಸ ನಮಗೆ ಇನ್ನೂ ಐದು ಸಂಗತಿ ಕೊಡುತ್ತಿರುತ್ತದೆ: ದಿನಕ್ಕೊಂದು ಕ್ರಮ, ಮನೆಯಾಚೆಯ ಜನರ ಒಡನಾಟ, ನಾಲ್ಕು ಜನರ ಜೊತೆ ಸೇರಿ ಒಂದು ಗುರಿಗೆ ದುಡಿಯುವುದು, ನಾಲ್ಕು ಜನರ ಮುಂದೆ ಒಂದು ಗುರುತು, ಮತ್ತೆ ಕೈತುಂಬ ಕೆಲಸ. ಸಂಬಳ ಯಾವಾಗ ವಾಪಸ್ ಬರುತ್ತದೆ ಅನ್ನುವುದು ಪೂರ್ತಿ ನಮ್ಮ ಕೈಯಲ್ಲಿಲ್ಲ. ಆದರೆ ಈ ಐದನ್ನು ಹೊಸ ಕೆಲಸ ಸಿಗುವ ಮೊದಲೇ ಒಂದೊಂದಾಗಿ ವಾಪಸ್ ತಂದುಕೊಳ್ಳಬಹುದು. ಹಾಗೆ ತಂದುಕೊಂಡವರಿಗೆ ಕೆಲಸ ಹುಡುಕುವುದೂ ಸುಲಭವಾಗುತ್ತದೆ.

ಹೆಜ್ಜೆ 1: ಆ ಮೀಟಿಂಗ್‌ನಲ್ಲಿ ಸಹಿ ಮಾಡಬೇಡಿ, ಕೇಳಿ ಬರೆದುಕೊಳ್ಳಿ

ಸುದ್ದಿ ಕೇಳಿದ ತಕ್ಷಣ ತಲೆ ಓಡುವುದಿಲ್ಲ. ಆ ಹೊತ್ತಿನಲ್ಲಿ ಕೊಟ್ಟ ಕಾಗದಕ್ಕೆ ಸಹಿ ಹಾಕುವುದು ಬೇಡ. "ಓದಿಕೊಂಡು ಸಹಿ ಮಾಡುತ್ತೇನೆ, ಎರಡು ದಿನ ಟೈಮ್ ಕೊಡಿ" ಅಂತ ಕೇಳಿ. ಇದು ತಪ್ಪೂ ಅಲ್ಲ, ಜಗಳವೂ ಅಲ್ಲ. ಜಗಳ ಆಡುವುದರಿಂದ ಅವತ್ತು ಏನೂ ಬದಲಾಗುವುದಿಲ್ಲ, ಎದುರು ಕೂತವರು ಆ ತೀರ್ಮಾನ ತೆಗೆದುಕೊಂಡವರೂ ಆಗಿರುವುದಿಲ್ಲ.

ಕೇಳಬೇಕಾದ್ದು ಇಷ್ಟು. ಕೊನೆಯ ದಿನ ಯಾವುದು? ನೋಟಿಸ್ ಪೀರಿಯಡ್‌ನ ಹಣ ಸಿಗುತ್ತದಾ? ಪರಿಹಾರದ ಹಣ ಎಷ್ಟು, ಯಾವಾಗ, ಒಂದೇ ಸಲವಾ ಕಂತಿನಲ್ಲಾ? ಉಳಿದಿರುವ ರಜೆಯ ಹಣ? ಬೋನಸ್? ಆರೋಗ್ಯ ವಿಮೆ ಯಾವ ತಾರೀಖಿನವರೆಗೆ? ಎಲ್ಲದಕ್ಕೂ ಉತ್ತರ ಮೇಲ್‌ನಲ್ಲಿ ಕೊಡಿ ಅಂತ ಹೇಳಿ, ನಿಮ್ಮ ಸ್ವಂತ ಮೇಲ್ ವಿಳಾಸ ಬರೆಸಿ. ಬಾಯಿಮಾತಿನಲ್ಲಿ ಹೇಳಿದ್ದು ಒಂದು ವಾರದ ನಂತರ ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಕೆಲವು ಕಡೆ "ನೀವೇ ರಾಜೀನಾಮೆ ಕೊಟ್ಟುಬಿಡಿ, ರೆಕಾರ್ಡ್‌ನಲ್ಲಿ ಚೆನ್ನಾಗಿ ಕಾಣುತ್ತದೆ" ಅನ್ನುತ್ತಾರೆ. ಕೇಳಲು ಹಿತವಾಗಿರುತ್ತದೆ. ಆದರೆ ಎಷ್ಟೋ ದೇಶಗಳಲ್ಲಿ ನಿರುದ್ಯೋಗ ಭತ್ಯೆ ಮತ್ತು ಪರಿಹಾರದ ಹಣ ಸಿಗುವುದು ಕಂಪನಿಯೇ ತೆಗೆದವರಿಗೆ, ತಾವಾಗಿ ಬಿಟ್ಟವರಿಗೆ ಅಲ್ಲ. ರಾಜೀನಾಮೆ ಬರೆದುಕೊಟ್ಟರೆ ಏನು ಸಿಗುತ್ತದೆ, ಏನು ತಪ್ಪುತ್ತದೆ ಅಂತ ತಿಳಿಯುವ ತನಕ ಬರೆದುಕೊಡಬೇಡಿ. ದೊಡ್ಡ ಮೊತ್ತದ ವಿಷಯವಾದರೆ ಕಾರ್ಮಿಕ ಕಾನೂನು ಗೊತ್ತಿರುವ ವಕೀಲರ ಹತ್ತಿರ ಒಂದು ಗಂಟೆ ಕೂತು ಮಾತಾಡಿ, ಆ ಫೀಸು ದಂಡವಲ್ಲ.

ಹೆಜ್ಜೆ 2: ಲ್ಯಾಪ್‌ಟಾಪ್ ಕೊಡುವ ಮುಂಚೆ

ಕಂಪನಿಯ ಫೈಲು, ಕೋಡ್, ಗ್ರಾಹಕರ ಪಟ್ಟಿ ಯಾವುದನ್ನೂ ಕಾಪಿ ಮಾಡಿಕೊಳ್ಳಬೇಡಿ. ಎಷ್ಟೇ ಕೋಪ ಬಂದಿದ್ದರೂ ಬೇಡ. ಆ ಒಂದು ಕಾರಣಕ್ಕೆ ಪರಿಹಾರದ ಹಣ ತಡೆಹಿಡಿದರೆ ಕೇಳಲು ಬಾಯಿ ಇರುವುದಿಲ್ಲ.

ನಿಮ್ಮದೇ ಆದದ್ದನ್ನು ಮಾತ್ರ ಮರೆಯದೆ ತೆಗೆದುಕೊಳ್ಳಿ: ಸಂಬಳದ ಚೀಟಿಗಳು, ನೇಮಕಾತಿ ಪತ್ರ, ಬಡ್ತಿ ಪತ್ರ, ತೆರಿಗೆಯ ಕಾಗದಗಳು, ಸ್ವಂತ ಫೋಟೋಗಳು. ಬ್ಯಾಂಕು, ವಿಮೆ, ಮಕ್ಕಳ ಶಾಲೆಯ ಆ್ಯಪ್, ಯಾವುದಕ್ಕಾದರೂ ಆಫೀಸಿನ ಮೇಲ್ ಅಥವಾ ಆಫೀಸಿನ ಫೋನ್ ನಂಬರ್ ಕೊಟ್ಟಿದ್ದೀರಾ? ಅವತ್ತೇ ಬದಲಾಯಿಸಿ. ಮೇಲ್ ಬಂದ್ ಆದ ಮೇಲೆ ಒಟಿಪಿ ಎಲ್ಲಿಗೆ ಬರಬೇಕು ಹೇಳಿ? ನನ್ನ ವಿಮೆಯ ಖಾತೆ ಹೀಗೇ ಸಿಕ್ಕಿಹಾಕಿಕೊಂಡು ಬಿಡಿಸಿಕೊಳ್ಳಲು ಮೂರು ವಾರ ಹಿಡಿಯಿತು. ಜೊತೆಗೆ ಕೆಲಸ ಮಾಡಿದವರ ಸ್ವಂತ ನಂಬರ್‌ಗಳನ್ನೂ ಬರೆದುಕೊಳ್ಳಿ. ಎಲ್ಲರ ನಂಬರೂ ಆಫೀಸಿನ ಚಾಟ್‌ನಲ್ಲೇ ಇದ್ದುಬಿಟ್ಟರೆ ಮರುದಿನ ನಿಮಗೆ ಯಾರೂ ಸಿಗುವುದಿಲ್ಲ.

ಹೆಜ್ಜೆ 3: ಅವತ್ತು ರಾತ್ರಿಯೇ ಮನೆಯಲ್ಲಿ ಹೇಳಿ

ಹನ್ನೆರಡನೇ ದಿನ ನಾನು ಹೇಳಿದ್ದು ಊಟ ಆದ ಮೇಲೆ, ಪಾತ್ರೆ ಒರೆಸುತ್ತಾ, ಅವಳ ಮುಖ ನೋಡದೆ. ಹೆಂಡತಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಕೇಳಿದ ಮೊದಲ ಪ್ರಶ್ನೆ ಹಣದ ಬಗ್ಗೆ ಅಲ್ಲ. "ಇಷ್ಟು ದಿನ ಎಲ್ಲಿ ಕೂತಿರುತ್ತಿದ್ದೆ?" ಅಂದಳು. ಕೆಲಸ ಹೋದದ್ದು ಅವಳಿಗೆ ನೋವು ಕೊಟ್ಟಿರಲಿಲ್ಲ, ಒಬ್ಬನೇ ಹೋಗಿ ಕೂತದ್ದು ನೋವು ಕೊಟ್ಟಿತ್ತು. ಅವತ್ತು ರಾತ್ರಿಯೇ ಇಬ್ಬರೂ ಕೂತು ಲೆಕ್ಕ ಬರೆದೆವು, ಹನ್ನೊಂದು ದಿನದಲ್ಲಿ ನನ್ನಿಂದಾಗದ್ದು ಒಂದೂವರೆ ಗಂಟೆಯಲ್ಲಿ ಆಯಿತು.

ಹೇಳುವುದು ಹೇಗೆ? ನೇರವಾಗಿ. "ಇವತ್ತು ಕೆಲಸದಿಂದ ತೆಗೆದರು. ಇಷ್ಟು ತಿಂಗಳ ಹಣ ಕೊಡುತ್ತಾರಂತೆ. ಮುಂದೇನು ಅಂತ ಇನ್ನೂ ಗೊತ್ತಿಲ್ಲ, ಈ ವಾರ ಕೂತು ನೋಡೋಣ." ಇಷ್ಟು ಸಾಕು. ಅವತ್ತೇ ಪರಿಹಾರ ಹೇಳಬೇಕಾಗಿಲ್ಲ. ಮಕ್ಕಳಿಗೂ ಅವರ ವಯಸ್ಸಿಗೆ ತಕ್ಕಂತೆ ಹೇಳಿ, ಮನೆಯ ಗಾಳಿ ಬದಲಾದದ್ದು ಅವರಿಗೆ ಗೊತ್ತಾಗಿಯೇ ಆಗುತ್ತದೆ, ಕಾರಣ ಗೊತ್ತಾಗದಿದ್ದರೆ ತಮ್ಮದೇ ಏನೋ ತಪ್ಪು ಅಂದುಕೊಳ್ಳುತ್ತಾರೆ. ಅಪ್ಪ ಅಮ್ಮನಿಗೆ ಹೇಳುವುದು ಕಷ್ಟ ಅನ್ನುವವರು ಒಂದೆರಡು ದಿನ ಬಿಟ್ಟು ಹೇಳಿ, ಆದರೆ ಬೇರೆಯವರ ಬಾಯಿಂದ ಅವರಿಗೆ ತಿಳಿಯುವ ಹಾಗೆ ಮಾಡಬೇಡಿ.

ಹೆಜ್ಜೆ 4: ಮೊದಲ ವಾರ ರೆಸ್ಯೂಮೆ ಮುಟ್ಟಬೇಡಿ, ಬರೆದು ಹಗುರಾಗಿ

ಎರಡನೇ ದಿನ ಬೆಳಗ್ಗೆ ಹತ್ತಕ್ಕೆ ನನ್ನ ಫೋನ್ ಅಲಾರಾಂ ಹೊಡೆಯಿತು. ದಿನದ ಟೀಮ್ ಮೀಟಿಂಗ್‌ಗೆ ಇಟ್ಟಿದ್ದ ಅಲಾರಾಂ. ಆಫ್ ಮಾಡಿದೆ, ಡಿಲೀಟ್ ಮಾಡಲಿಲ್ಲ. ಮರುದಿನವೂ ಹೊಡೆಯಿತು. ಇಂಥ ಸಣ್ಣ ವಿಷಯಕ್ಕೇ ಗಂಟಲು ಕಟ್ಟಿಬಿಡುತ್ತದೆ. ಇದು ದೌರ್ಬಲ್ಯ ಅಲ್ಲ. 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಇಬ್ಬರು ಮನೋವೈದ್ಯರು ಬದುಕಿನಲ್ಲಿ ಒತ್ತಡ ತರುವ 43 ಘಟನೆಗಳ ಪಟ್ಟಿ ಮಾಡಿ ಅಂಕ ಕೊಟ್ಟಿದ್ದರು. ಅದರಲ್ಲಿ ಕೆಲಸದಿಂದ ತೆಗೆಯುವುದು ಎಂಟನೇ ಜಾಗದಲ್ಲಿದೆ. ಅಂಥ ಪೆಟ್ಟು ತಿಂದ ಮೇಲೆ ನಿದ್ದೆ ಬರದಿರುವುದು, ಕೋಪ ಬರುವುದು, ಏನೂ ಬೇಡ ಅನ್ನಿಸುವುದು ಸಹಜ.

ಈ ವಾರ ಇಪ್ಪತ್ತು ಕಂಪನಿಗೆ ರೆಸ್ಯೂಮೆ ಕಳಿಸಬೇಕು ಅಂತ ಕೈ ತುರಿಸುತ್ತದೆ. ತಡೆಯಿರಿ. ಗಾಬರಿಯಲ್ಲಿ ಕಳಿಸಿದ ಅರ್ಜಿಯಲ್ಲಿ ಗಾಬರಿ ಕಾಣುತ್ತದೆ, ಮತ್ತೆ ನಿಮಗೆ ನಿಜವಾಗಿ ಬೇಕಾದ ಜಾಗದಲ್ಲೂ ಒಂದು ಅವಕಾಶ ಸುಮ್ನೆ ಹಾಳಾಗುತ್ತದೆ.

ಬದಲಿಗೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನಕ್ಕೆ 20 ನಿಮಿಷ, ಐದು ದಿನ, ಕೆಲಸ ಹೋದದ್ದರ ಬಗ್ಗೆ ಮನಸ್ಸಿನಲ್ಲಿ ಇರುವುದನ್ನೆಲ್ಲ ಬರೆಯಿರಿ. ವ್ಯಾಕರಣ ಬೇಡ, ಯಾರಿಗೂ ತೋರಿಸುವುದು ಬೇಡ. ಇದು ನನ್ನ ಕಲ್ಪನೆ ಅಲ್ಲ. ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು ಲೇಆಫ್ ಆದ ಎಂಜಿನಿಯರ್‌ಗಳಿಗೆ ಇದನ್ನೇ ಮಾಡಿಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಂಟು ತಿಂಗಳ ನಂತರ ನೋಡಿದರೆ, ಮನಸ್ಸಿನದನ್ನು ಬರೆದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಪೂರ್ಣಾವಧಿ ಕೆಲಸ ಸಿಕ್ಕಿತ್ತು, ಬರೆಯದವರಲ್ಲಿ ಸುಮಾರು ಐದರಲ್ಲೊಬ್ಬರಿಗೆ. ಬರೆದವರು ಜಾಸ್ತಿ ಇಂಟರ್‌ವ್ಯೂಗೆ ಹೋಗಿದ್ದರಾ? ಇಲ್ಲ. ಹೋದ ಇಂಟರ್‌ವ್ಯೂಗಳ ಲೆಕ್ಕ ಎರಡೂ ಕಡೆ ಹತ್ತಿರ ಹತ್ತಿರ ಒಂದೇ. ಬರೆದವರ ಮಾತಿನಲ್ಲಿ ಹಳೇ ಕಂಪನಿಯ ಮೇಲಿನ ಸಿಟ್ಟು ಕಡಿಮೆ ಇಣುಕಿರಬೇಕು ಅನ್ನುವುದು ಸಂಶೋಧಕರ ಊಹೆ. ನನಗೆ ಇದು ನಿಜ ಅನ್ನಿಸುತ್ತದೆ, ಯಾಕೆಂದರೆ ಬರೆಯುವ ಮೊದಲು ನಾನು ಕೊಟ್ಟ ಒಂದು ಇಂಟರ್‌ವ್ಯೂನಲ್ಲಿ ಹತ್ತು ನಿಮಿಷ ಹಳೇ ಮ್ಯಾನೇಜರ್ ಬಗ್ಗೆಯೇ ಮಾತಾಡಿದ್ದೆ.

ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಹಾಸಿಗೆಯಿಂದ ಏಳಲು ಆಗುತ್ತಿಲ್ಲ ಅಂದರೆ ವೈದ್ಯರನ್ನು ನೋಡಿ. ಬದುಕುವುದೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದರೂ ಎರಡು ವಾರ ಕಾಯಬೇಡಿ. ಆ ಕ್ಷಣವೇ ಹತ್ತಿರದವರೊಬ್ಬರನ್ನು ಪಕ್ಕಕ್ಕೆ ಕರೆಯಿರಿ, ಸಹಾಯವಾಣಿಗೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗಿ. ಕೆಲಸದ ವಿಷಯ ಆಮೇಲೆ ನೋಡೋಣ, ನೀವು ಇರುವುದು ಮುಖ್ಯ.

ಹೆಜ್ಜೆ 5: ಹಣವನ್ನು ತಿಂಗಳಲ್ಲಿ ಎಣಿಸಿ

"ನನ್ನ ಹತ್ತಿರ ಎಷ್ಟು ಹಣ ಇದೆ" ಅನ್ನುವ ಪ್ರಶ್ನೆ ಭಯ ಹುಟ್ಟಿಸುತ್ತದೆ. "ಎಷ್ಟು ತಿಂಗಳು ಇದೆ" ಅಂತ ಕೇಳಿಕೊಳ್ಳಿ, ಆಗ ಯೋಜನೆ ಹುಟ್ಟುತ್ತದೆ.

ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ನಿಜವಾಗಿ ಖರ್ಚಾದದ್ದನ್ನು ಬರೆಯಿರಿ. ನೆನಪಿನಿಂದ ಬರೆದರೆ ಯಾವಾಗಲೂ ಕಡಿಮೆ ಬರುತ್ತದೆ. ಈಗ ಒಂದು ಲೆಕ್ಕ ನೋಡಿ. ಕೈಗೆ ತಕ್ಷಣ ಸಿಗುವ ಉಳಿತಾಯ 100 ಅಂತ ಇಟ್ಟುಕೊಳ್ಳಿ, ತಿಂಗಳ ಖರ್ಚು 20. ಅಂದರೆ ಐದು ತಿಂಗಳು. ಖರ್ಚನ್ನು 14ಕ್ಕೆ ಇಳಿಸಿದರೆ ಅದೇ 100 ಏಳು ತಿಂಗಳು ಬರುತ್ತದೆ. ಕಂಪನಿಯಿಂದ ಇನ್ನೊಂದು 30 ಬಂದರೆ ಒಂಬತ್ತು ತಿಂಗಳು ದಾಟುತ್ತದೆ. ಐದು ತಿಂಗಳಲ್ಲಿ ಕೆಲಸ ಹುಡುಕುವವರಿಗೂ ಒಂಬತ್ತು ತಿಂಗಳಲ್ಲಿ ಹುಡುಕುವವರಿಗೂ ರಾತ್ರಿ ಬರುವ ನಿದ್ದೆಯೇ ಬೇರೆ. ಇನ್ನೂ ಕೈಗೆ ಬರದ ಹಣವನ್ನು ಮಾತ್ರ ಲೆಕ್ಕಕ್ಕೆ ಸೇರಿಸಬೇಡಿ. ಪರಿಹಾರದ ಹಣಕ್ಕೆ ತೆರಿಗೆ ಎಷ್ಟು ಕಟ್ ಆಗುತ್ತದೆ ಅಂತಲೂ ಕೇಳಿ ತಿಳಿದುಕೊಳ್ಳಿ.

ಖರ್ಚು ಇಳಿಸುವಾಗ ಸಣ್ಣಪುಟ್ಟದ್ದಕ್ಕೆ ಕೈ ಹಾಕಿ ಮನೆಯವರ ಜೊತೆ ದಿನಾ ಕಿತ್ತಾಡುವುದಕ್ಕಿಂತ ದೊಡ್ಡ ಎರಡು ಮೂರನ್ನು ನೋಡಿ. ಬಾಡಿಗೆ, ಸಾಲದ ಕಂತು, ವಾಹನ. ತಾನಾಗಿಯೇ ಕಟ್ ಆಗುವ ಚಂದಾಗಳನ್ನೆಲ್ಲ ಒಂದೇ ದಿನ ಕೂತು ನಿಲ್ಲಿಸಿ.

ಸಾಲ ಇದ್ದರೆ ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ. ಇದನ್ನು ಒತ್ತಿ ಹೇಳುತ್ತೇನೆ. ಕಂತು ತಪ್ಪಿದ ಮೇಲೆ ಹೋದವರ ಜೊತೆ ವಸೂಲಿ ವಿಭಾಗದವರು ಮಾತಾಡುತ್ತಾರೆ, ಮೊದಲೇ ಹೋದವರ ಜೊತೆ ಮ್ಯಾನೇಜರ್ ಮಾತಾಡುತ್ತಾರೆ. ಅವಧಿ ಜಾಸ್ತಿ ಮಾಡಿ ಕಂತು ಇಳಿಸಬಹುದಾ, ಕೆಲವು ತಿಂಗಳು ಬಡ್ಡಿ ಮಾತ್ರ ಕಟ್ಟಬಹುದಾ ಅಂತ ಕೇಳಿ. ಪರಿಹಾರದ ಹಣ ಬಂದ ಕೂಡಲೇ ಅಷ್ಟನ್ನೂ ಸಾಲಕ್ಕೆ ತುಂಬಬೇಡಿ. ಸಾಲ ತೀರಿದ ನೆಮ್ಮದಿ ಇರುತ್ತದೆ ನಿಜ, ಆದರೆ ಮುಂದಿನ ತಿಂಗಳ ಬಾಡಿಗೆಗೆ ಆ ಹಣ ವಾಪಸ್ ಸಿಗುವುದಿಲ್ಲ. ಬಡ್ಡಿ ವಿಪರೀತ ಇರುವ ಕ್ರೆಡಿಟ್ ಕಾರ್ಡ್ ಬಾಕಿ ಮಾತ್ರ ಇದಕ್ಕೆ ಹೊರತು, ಅದನ್ನು ಮೊದಲು ತೀರಿಸಿ, ಕನಿಷ್ಠ ಮೊತ್ತ ಕಟ್ಟುತ್ತಾ ಹೋದರೆ ಅದು ಬೆಳೆಯುತ್ತಲೇ ಇರುತ್ತದೆ.

ಆರೋಗ್ಯ ವಿಮೆ ಕಂಪನಿಯದ್ದೇ ಆಗಿದ್ದರೆ ಅದು ಮುಗಿಯುವ ಮುಂಚೆ ಸ್ವಂತದ್ದು ಮಾಡಿಸಿ. ಅದೇ ಪಾಲಿಸಿಯನ್ನು ಸ್ವಂತಕ್ಕೆ ಮುಂದುವರಿಸಲು ಆಗುತ್ತದಾ ಅಂತ ವಿಮಾ ಕಂಪನಿಗೆ ಕೇಳಿ. ಸರ್ಕಾರದ ನಿರುದ್ಯೋಗ ಭತ್ಯೆ ಇರುವ ಕಡೆ ಮೊದಲ ವಾರವೇ ಅರ್ಜಿ ಹಾಕಿ, ಎಷ್ಟೋ ಕಡೆ ಲೆಕ್ಕ ಶುರುವಾಗುವುದು ಅರ್ಜಿ ಹಾಕಿದ ದಿನದಿಂದ. ಬೇರೆ ದೇಶದಲ್ಲಿ ಕೆಲಸದ ವೀಸಾ ಮೇಲೆ ಇರುವವರು ಎಲ್ಲಕ್ಕಿಂತ ಮೊದಲು ತಮಗೆ ಎಷ್ಟು ದಿನ ಇದೆ ಅಂತ ನೋಡಿಕೊಳ್ಳಬೇಕು, ಬೇರೆ ಎಲ್ಲಾ ಲೆಕ್ಕವೂ ಆ ತಾರೀಖಿನ ಮೇಲೆ ನಿಲ್ಲುತ್ತದೆ. ನಿವೃತ್ತಿಗೆ ಅಂತ ಇಟ್ಟ ಹಣಕ್ಕೆ ಕೈ ಹಾಕುವುದು ಕೊನೆಯ ದಾರಿ.

ಹೆಜ್ಜೆ 6: ದಿನಕ್ಕೆ ಒಂದು ಆಕಾರ ಕೊಡಿ

ಯಹೋಡಾ ಅವರ ಹೆಸರು ಮೇಲೆ ಹೇಳಿದೆ. 1930ರ ಸುಮಾರಿಗೆ ಆಸ್ಟ್ರಿಯಾದಲ್ಲಿ ಮರೀಂಥಾಲ್ ಎಂಬ ಹಳ್ಳಿಯ ಬಟ್ಟೆ ಮಿಲ್ ಮುಚ್ಚಿಹೋಯಿತು. ಹೆಚ್ಚುಕಡಿಮೆ ಇಡೀ ಹಳ್ಳಿ ಬದುಕಿದ್ದೇ ಆ ಮಿಲ್‌ನಿಂದ. ಯಹೋಡಾ ಮತ್ತು ಅವರ ತಂಡ ಅಲ್ಲಿಗೆ ಹೋಗಿ ಜನರ ಜೊತೆ ಓಡಾಡಿ ಕಂಡದ್ದನ್ನು ಬರೆದರು. ಈಗ ಎಲ್ಲರ ಹತ್ತಿರ ಟೈಮ್ ಇತ್ತು. ಆದರೂ ಹಳ್ಳಿಯ ಲೈಬ್ರರಿಯಿಂದ ಪುಸ್ತಕ ಒಯ್ಯುವುದು ಎರಡೇ ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು, ಅದೂ ಶುಲ್ಕ ತೆಗೆದ ಮೇಲೆ. ಗಂಡಸರು ರಸ್ತೆಯಲ್ಲಿ ನಿಧಾನವಾಗಿ ನಡೆಯುತ್ತಿದ್ದರು, ಮತ್ತೆ ಮತ್ತೆ ನಿಂತುಬಿಡುತ್ತಿದ್ದರು. ಬಹಳ ಮಂದಿ ಗಡಿಯಾರ ಕಟ್ಟುವುದನ್ನೇ ಬಿಟ್ಟಿದ್ದರು.

ನಾನು ಇದನ್ನು ಓದಿದ್ದು ಮನೆಯಲ್ಲಿ ಹೇಳದೆ ಲೈಬ್ರರಿಯಲ್ಲಿ ಕೂತಿದ್ದ ಆ ಹನ್ನೊಂದು ದಿನದಲ್ಲೇ. ಅವತ್ತು ಇಡೀ ದಿನ ನಾನು ಓದಿದ್ದು ಅಷ್ಟು ಪುಟ ಮಾತ್ರ, ಉಳಿದ ಹೊತ್ತು ಕಿಟಕಿ ನೋಡುತ್ತಿದ್ದೆ.

ಹಾಗಾಗಿ ಏಳುವ ಹೊತ್ತು ಬದಲಾಯಿಸಬೇಡಿ. ಸ್ನಾನ ಮಾಡಿ ಹೊರಗೆ ಹೋಗುವ ಬಟ್ಟೆ ಹಾಕಿಕೊಳ್ಳಿ. ಬೆಳಗ್ಗೆ ಮೂರು ಗಂಟೆ ಕೆಲಸ ಹುಡುಕಲು, ಮಧ್ಯಾಹ್ನ ಒಂದೂವರೆ ಎರಡು ಗಂಟೆ ಕಲಿಯಲು, ಸಂಜೆ ನಡಿಗೆ. ಅಷ್ಟೇ. ದಿನಕ್ಕೆ ಹತ್ತು ಗಂಟೆ ಹುಡುಕುತ್ತೇನೆ ಅನ್ನುವವರು ಎರಡನೇ ವಾರಕ್ಕೆ ಸುಸ್ತಾಗುತ್ತಾರೆ, ಆಮೇಲೆ ಒಂದು ಗಂಟೆಯೂ ಕೂರುವುದಿಲ್ಲ. ಸಂಜೆ ಆರರ ಮೇಲೆ ಉದ್ಯೋಗದ ಸೈಟ್ ತೆರೆಯಬೇಡಿ, ಭಾನುವಾರ ಪೂರ್ತಿ ರಜೆ ತೆಗೆದುಕೊಳ್ಳಿ. ರಜೆಯ ದಿನ ಅಂತ ಒಂದಿದ್ದರೆ ಉಳಿದವು ಕೆಲಸದ ದಿನ ಅನ್ನಿಸುತ್ತವೆ. ವಾರಕ್ಕೊಮ್ಮೆಯಾದರೂ ಬೇರೆಯವರಿಗೆ ಉಪಯೋಗ ಆಗುವ ಕೆಲಸ ಹಿಡಿಯಿರಿ. ಪಕ್ಕದ ಮನೆ ಹುಡುಗನಿಗೆ ಗಣಿತ ಹೇಳಿಕೊಡುವುದು, ಪರಿಚಯದ ಅಂಗಡಿಯವರ ಲೆಕ್ಕ ಸರಿಮಾಡಿಕೊಡುವುದು, ಏನಾದರೂ. "ನೀವು ಬಂದದ್ದು ಒಳ್ಳೇದಾಯ್ತು" ಅನ್ನುವ ಮಾತು ಕೆಲಸ ಹೋದವರ ಕಿವಿಗೆ ಬೀಳಬೇಕು.

ಹೆಜ್ಜೆ 7: ದೂರದ ಪರಿಚಯದವರಿಗೆ ಹೇಳಿ

ನಾಚಿಕೆ ಆಗುತ್ತದೆ, ಗೊತ್ತು. ಆದರೂ ಹೇಳಿ. ಹತ್ತಿರದ ಗೆಳೆಯರಿಗೆ ಮಾತ್ರ ಹೇಳಿದರೆ ಸಾಲದು, ಯಾಕೆಂದರೆ ನಿಮಗೆ ಗೊತ್ತಿರುವ ಜಾಗಗಳೇ ಅವರಿಗೂ ಗೊತ್ತಿರುತ್ತವೆ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1970ರ ದಶಕದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಅಮೆರಿಕದ ಬೋಸ್ಟನ್ ಪಕ್ಕದ ಒಂದು ಊರಿನಲ್ಲಿ ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು "ಆ ವ್ಯಕ್ತಿಯನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ" ಅಂತ ಕೇಳಿದರು. ಆಗಾಗ ಅಂದವರು ನೂರಕ್ಕೆ 17ರಷ್ಟು ಮಾತ್ರ. ಯಾವಾಗಲೋ ಒಮ್ಮೆ ಅಂದವರು 56ರಷ್ಟು. ವರ್ಷಕ್ಕೊಮ್ಮೆಯೋ ಅದಕ್ಕಿಂತ ಅಪರೂಪವೋ ಅಂದವರು 28ರಷ್ಟು.

ನನಗೂ ಹಾಗೇ ಆಯಿತು. ಕೆಲಸದ ಸುಳಿವು ಕೊಟ್ಟದ್ದು ಆರು ವರ್ಷದ ಹಿಂದೆ ಒಂದೇ ಪ್ರಾಜೆಕ್ಟ್‌ನಲ್ಲಿ ನಾಲ್ಕು ತಿಂಗಳು ಜೊತೆಗಿದ್ದ ಒಬ್ಬರು, ಅವರ ಮುಖವೂ ಸರಿಯಾಗಿ ನೆನಪಿರಲಿಲ್ಲ.

ನಲವತ್ತು ಹೆಸರು ಬರೆಯಿರಿ. ಹಳೇ ಸಹೋದ್ಯೋಗಿಗಳು, ಕಾಲೇಜಿನವರು, ಗ್ರಾಹಕರಾಗಿದ್ದವರು, ಸರಕು ಕೊಡುತ್ತಿದ್ದವರು. ದಿನಕ್ಕೆ ಮೂರು ಜನರಿಗೆ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯಿರಿ. "ಎಲ್ಲಾದರೂ ಕೆಲಸ ಇದ್ದರೆ ಹೇಳಿ" ಅಂದರೆ ಎದುರಿನವರಿಗೆ ಏನು ಮಾಡಬೇಕು ಅಂತ ತೋಚುವುದಿಲ್ಲ, ಖಂಡಿತ ಹೇಳುತ್ತೇನೆ ಅಂದು ಮರೆತುಬಿಡುತ್ತಾರೆ. ನಾನು ಕಳಿಸಿದ್ದು ಇಂಥದ್ದು:

"ನಮಸ್ಕಾರ ಸರ್, ಚೆನ್ನಾಗಿದ್ದೀರಾ? ನಮ್ಮ ಕಂಪನಿಯಲ್ಲಿ ಕಳೆದ ತಿಂಗಳು ಒಂದು ಇಡೀ ವಿಭಾಗ ಮುಚ್ಚಿದರು, ಅದರಲ್ಲಿ ನಾನೂ ಇದ್ದೆ. ಗೋದಾಮು ಮತ್ತು ಸಾಗಾಟದ ಯೋಜನೆ ನೋಡಿಕೊಳ್ಳುವ ಕೆಲಸ ಹುಡುಕುತ್ತಿದ್ದೇನೆ. ನಿಮ್ಮ ಈಗಿನ ಕಂಪನಿಯಲ್ಲಿ ಈ ವಿಭಾಗ ಯಾರು ನೋಡಿಕೊಳ್ಳುತ್ತಾರೆ ಅಂತ ತಿಳಿಯಬೇಕಿತ್ತು. ಹದಿನೈದು ನಿಮಿಷ ಬಿಡುವಿದ್ದಾಗ ಫೋನ್ ಮಾಡಲಾ?"

ಏನಾಯಿತು, ಏನು ಬೇಕು, ಅವರು ಮಾಡಬಹುದಾದ ಒಂದು ಸಣ್ಣ ಕೆಲಸ, ಮೂರೂ ಅದರಲ್ಲಿವೆ. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ಉತ್ತರ ಕೊಡದವರ ಮೇಲೆ ಬೇಸರ ಬೇಡ, ಅವರ ಮನೆಯಲ್ಲಿ ಏನಾಗಿದೆಯೋ ನಮಗೆ ಗೊತ್ತಿರುವುದಿಲ್ಲ.

ಹೆಜ್ಜೆ 8: ಅದೇ ಕೆಲಸವಾ, ಬೇರೆಯದ್ದಾ?

ಮೂರನೇ ನಾಲ್ಕನೇ ವಾರದ ಹೊತ್ತಿಗೆ ಈ ಪ್ರಶ್ನೆ ಎದ್ದು ನಿಲ್ಲುತ್ತದೆ. ನೋಟ್‌ಬುಕ್‌ನಲ್ಲಿ ಹಳೇ ಕೆಲಸವನ್ನು ಸಣ್ಣ ಸಣ್ಣ ಭಾಗ ಮಾಡಿ ಬರೆಯಿರಿ. ಹುದ್ದೆಯ ಹೆಸರು ಬೇಡ, ದಿನವೂ ನಿಜಕ್ಕೂ ಏನು ಮಾಡುತ್ತಿದ್ದಿರಿ ಅನ್ನುವುದು ಬೇಕು: ಸಿಟ್ಟಾದ ಗ್ರಾಹಕರನ್ನು ಸಮಾಧಾನ ಮಾಡುತ್ತಿದ್ದೆ, ಹೊಸಬರಿಗೆ ಕಲಿಸುತ್ತಿದ್ದೆ, ವರದಿ ತಯಾರಿಸುತ್ತಿದ್ದೆ. ಪ್ರತಿಯೊಂದರ ಮುಂದೆ ಇಷ್ಟವಾ ಕಷ್ಟವಾ ಅಂತ ಗುರುತು ಹಾಕಿ. ಇಷ್ಟ ಅಂತ ಗುರುತು ಹಾಕಿದ ಭಾಗಗಳು ಬೇರೆ ಯಾವ ಯಾವ ಕೆಲಸದಲ್ಲಿ ಬರುತ್ತವೆ ಅಂತ ಹುಡುಕಿದರೆ ನೀವು ಯೋಚಿಸಿಯೇ ಇರದ ಎರಡು ಮೂರು ದಾರಿ ಕಾಣುತ್ತವೆ.

ಕೋರ್ಸ್‌ಗೆ ಹಣ ಕಟ್ಟುವ ಮುಂಚೆ ನಿಮಗೆ ಬೇಕಾದ ಥರದ ಇಪ್ಪತ್ತು ಉದ್ಯೋಗ ಜಾಹೀರಾತು ಓದಿ. ಯಾವ ಕೌಶಲ ಎಷ್ಟು ಜಾಹೀರಾತಿನಲ್ಲಿ ಕೇಳಿದ್ದಾರೆ ಅಂತ ಗೆರೆ ಹಾಕಿ ಎಣಿಸಿ. ಇಪ್ಪತ್ತರಲ್ಲಿ ಹದಿನಾಲ್ಕು ಕಡೆ ಕೇಳಿದ್ದು ನಿಮಗೆ ಬರುವುದಿಲ್ಲ ಅಂದರೆ ಅದನ್ನು ಕಲಿಯಿರಿ. ಎರಡು ಕಡೆ ಮಾತ್ರ ಇರುವುದನ್ನು ಬಿಡಿ. ಕೆಲಸ ಗ್ಯಾರಂಟಿ ಅಂತ ಹೇಳಿ ದೊಡ್ಡ ಮೊತ್ತ ಕೇಳುವ ಕೋರ್ಸ್‌ಗಳು ಹುಡುಕುತ್ತಿರುವುದೇ ನಮ್ಮಂಥ ಗಾಬರಿಯಾದವರನ್ನು.

ಸ್ವಂತ ವ್ಯಾಪಾರ? ಮಾಡಬಹುದು, ಆದರೆ ಮೊದಲ ಮೂರು ತಿಂಗಳು ಪರಿಹಾರದ ಹಣವನ್ನು ಅದಕ್ಕೆ ಹಾಕಬೇಡಿ. ಮೊದಲು ಒಬ್ಬ ಗ್ರಾಹಕ ನಿಜವಾಗಿ ಹಣ ಕೊಡಲಿ. ಬಿಡಿ ಕೆಲಸ, ಗುತ್ತಿಗೆ ಕೆಲಸ ಸಿಕ್ಕರೆ ಹಿಡಿಯಿರಿ. ಸ್ವಲ್ಪ ಹಣ ಬಂದರೂ ಮೇಲಿನ ಲೆಕ್ಕದಲ್ಲಿ ತಿಂಗಳು ಜಾಸ್ತಿಯಾಗುತ್ತದೆ, ರೆಸ್ಯೂಮೆಯಲ್ಲಿ ಖಾಲಿ ಜಾಗವೂ ಉಳಿಯುವುದಿಲ್ಲ.

ಹೆಜ್ಜೆ 9: ರೆಸ್ಯೂಮೆ, ಇಂಟರ್‌ವ್ಯೂ, ಮತ್ತು ಮೋಸಗಾರರು

ರೆಸ್ಯೂಮೆಯಲ್ಲಿ ಜವಾಬ್ದಾರಿಗಿಂತ ಫಲಿತಾಂಶ ಬರೆಯಿರಿ. "ದಾಸ್ತಾನು ನಿರ್ವಹಣೆ" ಅಂತ ಬರೆಯುವ ಬದಲು "ಮೂರು ದಿನ ಹಿಡಿಯುತ್ತಿದ್ದ ದಾಸ್ತಾನು ಎಣಿಕೆ ಒಂದು ದಿನಕ್ಕೆ ಇಳಿಯಿತು" ಅಂತ. ಜಾಹೀರಾತಿನಲ್ಲಿ ಇರುವ ಪದಗಳು ನಿಮಗೆ ನಿಜವಾಗಿ ಹೊಂದುವುದಾದರೆ ಅದೇ ಪದ ಬಳಸಿ, ಮೊದಲ ಸುತ್ತಿನಲ್ಲಿ ಅರ್ಜಿ ಸೋಸುವುದು ಬಹಳ ಕಡೆ ಸಾಫ್ಟ್‌ವೇರ್.

"ಯಾಕೆ ಬಿಟ್ಟಿರಿ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಎರಡೇ ವಾಕ್ಯದ ಉತ್ತರ ರೆಡಿ ಇರಲಿ: "ಕಂಪನಿ ಖರ್ಚು ಕಡಿಮೆ ಮಾಡಲು ನಮ್ಮ ವಿಭಾಗ ಮುಚ್ಚಿತು, ಅದರಲ್ಲಿ ನನ್ನ ಹುದ್ದೆಯೂ ಹೋಯಿತು. ಅಲ್ಲಿ ಇಂಥ ಕೆಲಸ ಚೆನ್ನಾಗಿ ಕಲಿತೆ, ಅದನ್ನು ಇಲ್ಲಿ ಹೀಗೆ ಬಳಸಬಹುದು ಅಂತ ಬಂದಿದ್ದೇನೆ." ಕನ್ನಡಿ ಮುಂದೆ ಹೇಳಿ ರೂಢಿ ಮಾಡಿಕೊಳ್ಳಿ, ದನಿ ನಡುಗದೆ ಬರುವ ತನಕ. ಸುಳ್ಳು ಹೇಳಬೇಡಿ, ಹಳೇ ಕಂಪನಿಯಲ್ಲಿ ವಿಚಾರಿಸುತ್ತಾರೆ. ಹಳೇ ಸಂಬಳ ಕೇಳಿದರೆ ಈ ಹುದ್ದೆಗೆ ನೀವು ಇಟ್ಟುಕೊಂಡಿರುವ ಮೊತ್ತ ಎಷ್ಟು ಅಂತ ನೀವೂ ಕೇಳಬಹುದು. ಕೆಲಸ ಇಲ್ಲ ಅಂತ ಅರ್ಧ ಸಂಬಳಕ್ಕೆ ಒಪ್ಪಿಸುವವರು ಇರುತ್ತಾರೆ, ಒಪ್ಪುವ ಮುಂಚೆ ಒಂದು ರಾತ್ರಿ ಟೈಮ್ ಕೇಳಿ.

ಕೆಲಸ ಕೊಡುತ್ತೇವೆ ಅಂತ ಹಣ ಕೇಳಿದರೆ ಅದು ಮೋಸ. ತರಬೇತಿಗೆ, ಕಾಗದ ಪರಿಶೀಲನೆಗೆ, ಲ್ಯಾಪ್‌ಟಾಪ್‌ಗೆ ಠೇವಣಿ ಅಂತ ಯಾವ ಹೆಸರಲ್ಲಿ ಕೇಳಿದರೂ ಅಷ್ಟೇ. ಚಾಟ್‌ನಲ್ಲೇ ಇಂಟರ್‌ವ್ಯೂ ಮುಗಿಸಿ ಅವತ್ತೇ ಆಫರ್ ಕಳಿಸುವವರಿಗೆ ನಿಮ್ಮ ಗುರುತಿನ ಚೀಟಿ, ಬ್ಯಾಂಕ್ ವಿವರ ಕೊಡಬೇಡಿ. ಕಂಪನಿಯ ವೆಬ್‌ಸೈಟ್‌ನಲ್ಲಿರುವ ನಂಬರ್‌ಗೆ ನೀವೇ ಫೋನ್ ಮಾಡಿ ವಿಚಾರಿಸಿ.

ಹೆಜ್ಜೆ 10: ತಡವಾದರೆ ಏನು ಅಂತ ಈಗಲೇ ಬರೆದಿಡಿ

ಕೆಲಸ ಬೇಗ ಸಿಗದೇ ಇರಬಹುದು. ಆಗ ದಿನಾ ರಾತ್ರಿ ಅದೇ ಯೋಚನೆ ಮಾಡುವ ಬದಲು ಮೊದಲೇ ತಾರೀಖು ಹಾಕಿ ಇಟ್ಟುಕೊಳ್ಳಿ. ಅರ್ಧ ಹಣ ಮುಗಿಯುವವರೆಗೆ ನನಗೆ ಬೇಕಾದ ಕೆಲಸ ಮಾತ್ರ ನೋಡುತ್ತೇನೆ. ನಾಲ್ಕು ತಿಂಗಳ ಹಣ ಉಳಿದಾಗ ಸಂಬಳ ಕಡಿಮೆಯಾದರೂ, ಬೇರೆ ಊರಾದರೂ ನೋಡುತ್ತೇನೆ. ಎರಡು ತಿಂಗಳು ಉಳಿದಾಗ ಯಾವ ಮರ್ಯಾದೆಯ ಕೆಲಸ ಸಿಕ್ಕರೂ ಸೇರಿ, ಅಲ್ಲಿದ್ದುಕೊಂಡೇ ಹುಡುಕುತ್ತೇನೆ. ಇದನ್ನು ಮನೆಯವರ ಜೊತೆ ಕೂತು ಬರೆಯಿರಿ. ತಾರೀಖು ಬಂದ ದಿನ ಅದು ಸೋಲು ಅನ್ನಿಸುವುದಿಲ್ಲ, ಮಾತಾಡಿಕೊಂಡಿದ್ದ ಮುಂದಿನ ಹೆಜ್ಜೆ ಆಗಿರುತ್ತದೆ.

ಇಲ್ಲ ಅಂದ ಕಂಪನಿಗಳ ಲೆಕ್ಕ ಇಡಬೇಡಿ. ಈ ವಾರ ಎಷ್ಟು ಜನರ ಜೊತೆ ಮಾತಾಡಿದೆ ಅನ್ನುವ ಲೆಕ್ಕ ಇಡಿ, ನಿಮ್ಮ ಕೈಯಲ್ಲಿರುವುದು ಅದೊಂದೇ. ಎರಡು ತಿಂಗಳಾದರೂ ಒಂದೂ ಇಂಟರ್‌ವ್ಯೂ ಬರಲಿಲ್ಲ ಅಂದರೆ ತೊಂದರೆ ರೆಸ್ಯೂಮೆಯಲ್ಲಿ. ಇಂಟರ್‌ವ್ಯೂ ಬರುತ್ತಿವೆ, ಆಫರ್ ಬರುತ್ತಿಲ್ಲ ಅಂದರೆ ಮಾತಾಡುವುದರಲ್ಲಿ, ಗೆಳೆಯರೊಬ್ಬರನ್ನು ಎದುರು ಕೂರಿಸಿಕೊಂಡು ಅಭ್ಯಾಸ ಮಾಡಿ.

ಹೆಜ್ಜೆ 11: ಆಫರ್ ಬಂದ ಮೇಲೆ

ಖುಷಿಯಲ್ಲಿ ಕಾಗದ ಓದದೆ ಸಹಿ ಮಾಡಬೇಡಿ. ನೋಟಿಸ್ ಪೀರಿಯಡ್ ಎಷ್ಟು, ತೆಗೆದರೆ ಏನು ಕೊಡುತ್ತಾರೆ, ಪ್ರೊಬೇಷನ್ ಎಷ್ಟು ತಿಂಗಳು ಅಂತ ನೋಡಿ. ಪ್ರೊಬೇಷನ್ ಮುಗಿಯುವ ತನಕ ಮನೆ ಖರ್ಚು ಇಳಿಸಿದಲ್ಲೇ ಇರಲಿ, ಖಾಲಿಯಾದ ಉಳಿತಾಯ ಮೊದಲು ತುಂಬಲಿ.

ಆಮೇಲೆ ಆ ನಲವತ್ತು ಹೆಸರಿನ ಪಟ್ಟಿ ತೆಗೆಯಿರಿ. ಉತ್ತರ ಕೊಟ್ಟ ಒಬ್ಬೊಬ್ಬರಿಗೂ "ಕೆಲಸ ಸಿಕ್ಕಿತು, ಅವತ್ತು ಮಾತಾಡಿದ್ದಕ್ಕೆ ತುಂಬಾ ಥ್ಯಾಂಕ್ಸ್" ಅಂತ ಬರೆಯಿರಿ. ನಾನು ಹಾಗೆ ಬರೆದವರಲ್ಲಿ ಒಬ್ಬರು ಐದು ನಿಮಿಷದಲ್ಲಿ ವಾಪಸ್ ಫೋನ್ ಮಾಡಿದರು. ಅಭಿನಂದನೆ ಹೇಳಿದರು, ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ "ಹೋದ ವಾರ ನನ್ನನ್ನೂ ತೆಗೆದರು, ಮನೆಯಲ್ಲಿ ಇನ್ನೂ ಹೇಳಿಲ್ಲ" ಅಂದರು. ನಾನು ಹೊಸ ಆಫೀಸಿನ ಮೆಟ್ಟಿಲ ಮೇಲೆ ಕೂತು, ಮೊದಲು ಮೂರನೇ ಹೆಜ್ಜೆಯಿಂದ ಅವರಿಗೆ ಹೇಳಲು ಶುರುಮಾಡಿದೆ.